ನೀರಿನ ಮಂತ್ರಿ ಏನು ಮಾಡಬೇಕು? ಶಾಲಾ ಸಂಸತ್ತಿನ ಅಧಿಕಾರ ಕುರಿತು ಒಂದು ಚರ್ಚೆ

ಸಮಾಜ ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಹನ್ನೊಂದು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತಿದ್ದೇನೆ. ಶಾಲಾ ಸಂಸತ್ತಿನ ಉಸ್ತುವಾರಿಯೂ ಅಷ್ಟೇ ವರ್ಷಗಳಿಂದ ನನ್ನ ಹೆಗಲ ಮೇಲಿದೆ. ಈ ವರ್ಷದ ಚುನಾವಣೆ ಎಂದಿನಂತೆ ಅಚ್ಚುಕಟ್ಟಾಗಿ ನಡೆಯಿತು. ನಾಮಪತ್ರ, ಅದನ್ನು ಹಿಂತೆಗೆದುಕೊಳ್ಳಲು ಒಂದು ದಿನದ ಗಡುವು, ಮತಪತ್ರ, ಬೆರಳಿಗೆ ಶಾಯಿ, ಮತಗಟ್ಟೆ ಅಧಿಕಾರಿಯಾಗಿ ನಗುವನ್ನು ಬಿಗಿಹಿಡಿದು ಕುಳಿತ ಒಂಬತ್ತನೇ ತರಗತಿಯ ಹುಡುಗಿ, ಎಣಿಕೆ, ಪ್ರಮಾಣವಚನ, ಯಾವುದಕ್ಕೂ ಕೊರತೆಯಿರಲಿಲ್ಲ.

ಮೊನ್ನೆ ಕಡತಗಳನ್ನು ಜೋಡಿಸುವಾಗ ಸಂಸತ್ತಿನ ನಡಾವಳಿ ಪುಸ್ತಕ ಕೈಗೆ ಬಂತು. ಹಿಂದಿನ ಇಡೀ ವರ್ಷಕ್ಕೆ ಅದರಲ್ಲಿ ಇದ್ದುದು ಮೂರೇ ನಮೂದುಗಳು: ಪ್ರಮಾಣವಚನ, ವಾರ್ಷಿಕೋತ್ಸವದ ಕೆಲಸಗಳ ಹಂಚಿಕೆ, ಹತ್ತನೆಯವರ ಬೀಳ್ಕೊಡುಗೆ. ಮೂರೂ ನನ್ನ ಅಕ್ಷರದಲ್ಲಿಯೇ ಇವೆ, ಕೆಳಗೆ ಮಕ್ಕಳ ಸಹಿಗಳಿವೆ. ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ಮೂರು ಸಲವೂ ಬರೆದಿದ್ದೇನೆ. ಅಲ್ಲಿ ಯಾರಾದರೂ ಏನನ್ನು ತಾನೇ ವಿರೋಧಿಸಬಹುದಿತ್ತು ಎಂಬುದು ಈಗ ಓದಿದರೆ ನನಗೇ ಹೊಳೆಯುವುದಿಲ್ಲ.

ಇದಕ್ಕಿಂತಲೂ ನನ್ನನ್ನು ಕಾಡುತ್ತಿರುವುದು ಎಂಟನೇ ತರಗತಿಯ ಹುಡುಗನೊಬ್ಬನ ಪ್ರಶ್ನೆ. ಖಾತೆ ಹಂಚಿಕೆಯಾದ ಮರುದಿನ ಅವನು ಶಿಕ್ಷಕರ ಕೊಠಡಿಯ ಬಾಗಿಲಲ್ಲಿ ನಿಂತು, “ಮಿಸ್, ನಾನು ನೀರಿನ ಮಂತ್ರಿ. ನಾನೇನು ಮಾಡಬೇಕು?” ಎಂದು ಕೇಳಿದ. ನಲ್ಲಿಯ ಬಳಿ ನಿಂತು ಯಾರೂ ನೀರು ಪೋಲು ಮಾಡದಂತೆ ನೋಡಿಕೊ ಎಂದೆ. ಅವನು ಒಂದು ವಾರ ನಿಷ್ಠೆಯಿಂದ ನಿಂತ. ಎರಡನೆಯ ವಾರ ಆರನೆಯವರು ಅವನ ಮೇಲೆ ದೂರು ಹೊತ್ತು ತಂದರು. ತಮ್ಮ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೆದರಿಸುತ್ತಾನೆ ಎಂದು. ಮಧ್ಯಾಹ್ನದ ಹೊತ್ತಿಗೆ ಆ ನಲ್ಲಿಯಲ್ಲಿ ನೀರು ಏಕೆ ನಿಂತುಹೋಗುತ್ತದೆ ಎಂದು ಕೇಳುವ ಅಧಿಕಾರ ಅವನಿಗಿರಲಿಲ್ಲ, ಕುಡಿಯಲು ಬಂದವರ ಹೆಸರು ಬರೆಯುವ ಅಧಿಕಾರ ಮಾತ್ರ ಇತ್ತು. ಆರೋಗ್ಯ ಮಂತ್ರಿ ಉಗುರು ನೋಡುತ್ತಾಳೆ, ಶಿಸ್ತಿನ ಮಂತ್ರಿ ಸಾಲು ನೇರ ಮಾಡುತ್ತಾನೆ. ನಮ್ಮ ಸಂಪುಟವೆಲ್ಲ ಶಿಕ್ಷಕರ ಕೆಲಸ ಹಗುರ ಮಾಡುವ ಸಂಬಳವಿಲ್ಲದ ಕಾವಲುಗಾರರ ಗುಂಪು ಎಂದು ಈಗ ಅನ್ನಿಸುತ್ತಿದೆ.

ನನ್ನ ಪ್ರಶ್ನೆ ನೇರವಾದದ್ದು. ಚುನಾವಣೆ ನಡೆಸುವುದು ಹೇಗೆಂದು ನನಗೆ ಗೊತ್ತು, ಅದರ ಸಲಹೆ ಬೇಡ. ಮಕ್ಕಳ ಸಭೆಗೆ ಯಾವ ವಿಷಯಗಳನ್ನು ನಿಜವಾಗಿ ತೀರ್ಮಾನಿಸಲು ಬಿಡಬಹುದು, ಹಾಗೆ ಬಿಟ್ಟ ಮೇಲೆ ಆ ತೀರ್ಮಾನಕ್ಕೆ ದೊಡ್ಡವರಾದ ನಾವು ಎಷ್ಟರಮಟ್ಟಿಗೆ ಬದ್ಧರಾಗಿರಬೇಕು? ಅನುಭವವಿರುವವರು ದಯವಿಟ್ಟು ತಿಳಿಸಿ.

ನಿವೃತ್ತ ಮುಖ್ಯೋಪಾಧ್ಯಾಯ

ಮೇಡಂ, ನಿಮ್ಮ ಪ್ರಾಮಾಣಿಕತೆ ಮೆಚ್ಚುವಂಥದ್ದು. ಆದರೂ ಮೂವತ್ತು ವರ್ಷಗಳ ಸೇವೆಯ ನಂತರ ನನ್ನ ಅಭಿಪ್ರಾಯ ಬೇರೆಯೇ ಇದೆ. ಶಾಲೆ ಗಣರಾಜ್ಯವಲ್ಲ. ಮಗು ಜಾರುಬಂಡಿಯಿಂದ ಬಿದ್ದು ಕೈ ಮುರಿದುಕೊಂಡರೆ ಇಲಾಖೆಗೂ ಪೋಷಕರಿಗೂ ಉತ್ತರ ಕೊಡಬೇಕಾದವನು ಮುಖ್ಯೋಪಾಧ್ಯಾಯನೇ ಹೊರತು ಕ್ರೀಡಾ ಮಂತ್ರಿಯಲ್ಲ. ಹೊಣೆ ಒಬ್ಬರದು, ಅಧಿಕಾರ ಇನ್ನೊಬ್ಬರದು ಎಂದಾದರೆ ಯಾವ ಸಂಸ್ಥೆಯೂ ನಡೆಯುವುದಿಲ್ಲ.

ಎರಡನೆಯದಾಗಿ, ಮಕ್ಕಳ ಚುನಾವಣೆಗಳಲ್ಲಿ ಯಾರು ಗೆಲ್ಲುತ್ತಾರೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪೆನ್ನು ಹಂಚಿದವನು, ಚೆನ್ನಾಗಿ ಆಡುವವನು, ದೊಡ್ಡ ಗುಂಪು ಕಟ್ಟಿಕೊಂಡವನು ಗೆಲ್ಲುತ್ತಾನೆ. ದೊಡ್ಡವರ ಚುನಾವಣೆಯ ಕೆಡುಕುಗಳನ್ನು ಹದಿಮೂರನೇ ವಯಸ್ಸಿಗೇ ಅಭ್ಯಾಸ ಮಾಡಿಸಿದಂತಾಗುತ್ತದೆ. ಮತದಾನಕ್ಕೆ ಹದಿನೆಂಟು ವರ್ಷ ಎಂದು ಕಾನೂನು ಸುಮ್ಮನೆ ಇಟ್ಟಿಲ್ಲ.

ನಲ್ಲಿಯ ಬಳಿ ನಿಲ್ಲುವುದನ್ನು ನೀವು ಕೀಳಾಗಿ ಕಾಣಬೇಕಿಲ್ಲ. ಹೊಣೆಗಾರಿಕೆ ಅಲ್ಲಿಂದಲೇ ಶುರುವಾಗುತ್ತದೆ. ಒಂದು ಕೆಲಸವನ್ನು ವಹಿಸಿಕೊಂಡು ಮುಗಿಸಲು ಬಾರದ ಮಗುವಿಗೆ ತೀರ್ಮಾನ ಮಾಡುವ ಅಧಿಕಾರ ಕೊಟ್ಟರೆ ಅದು ಮೊದಲು ತೀರ್ಮಾನಿಸುವುದು ಮನೆಪಾಠ ಬೇಡ ಎಂದೇ. ನಾನು ಮಕ್ಕಳ ಮಾತನ್ನು ಕೇಳುತ್ತಿರಲಿಲ್ಲ ಎಂದು ದಯವಿಟ್ಟು ಭಾವಿಸಬೇಡಿ. ನನ್ನ ಕೊಠಡಿಯ ಬಾಗಿಲು ಯಾವಾಗಲೂ ತೆರೆದಿರುತ್ತಿತ್ತು. ಆದರೆ ಕೇಳುವುದು ಬೇರೆ, ಮತಕ್ಕೆ ಹಾಕುವುದು ಬೇರೆ.

ಗ್ರಂಥಪಾಲಕ

ಸರ್, ‘ಮನೆಪಾಠ ಬೇಡ ಎಂದೇ ತೀರ್ಮಾನಿಸುತ್ತಾರೆ’ ಎಂಬ ಆತಂಕಕ್ಕೆ ನೂರು ವರ್ಷಗಳಷ್ಟು ಹಳೆಯ ಒಂದು ಪ್ರಯೋಗದ ಅನುಭವ ಇರುವುದರಿಂದ ಅದನ್ನು ಇಲ್ಲಿ ಇಡುತ್ತೇನೆ.

ಎ. ಎಸ್. ನೀಲ್ 1921ರಲ್ಲಿ ಆರಂಭಿಸಿದ ಸಮರ್‌ಹಿಲ್ ಶಾಲೆ 1927ರಿಂದ ಇಂಗ್ಲೆಂಡಿನ ಸಫೋಕ್ ಪ್ರಾಂತದ ಲೀಸ್ಟನ್‌ನಲ್ಲಿದೆ. ಅಲ್ಲಿ ತರಗತಿಗೆ ಹೋಗುವುದೇ ಕಡ್ಡಾಯವಲ್ಲ. ಶಾಲೆಯ ದಿನನಿತ್ಯದ ನಿಯಮಗಳು ಎಲ್ಲರೂ ಸೇರುವ ಸಭೆಯಲ್ಲಿ ತೀರ್ಮಾನವಾಗುತ್ತವೆ; ಆರು ವರ್ಷದ ಮಗುವಿಗೂ ಒಂದು ಮತ, ನೀಲ್ ಅವರಿಗೂ ಒಂದೇ ಮತ. ಹಾಗಾದರೆ ಅಲ್ಲಿ ನಿಯಮಗಳೇ ಇರಲಿಲ್ಲವೇ ಎಂದರೆ, ನಮ್ಮ ಶಾಲೆಗಳಿಗಿಂತ ಹೆಚ್ಚೇ ಇದ್ದವು. ಮಲಗುವ ಹೊತ್ತು, ಸೈಕಲ್ ಬಳಕೆ, ಇನ್ನೊಬ್ಬರ ವಸ್ತು ಮುಟ್ಟಿದರೆ ದಂಡ ಎಲ್ಲವನ್ನೂ ಮಕ್ಕಳೇ ಮಾಡಿಕೊಂಡರು, ಕೆಲವನ್ನು ರದ್ದುಗೊಳಿಸಿ ಅದರ ಫಲ ಅನುಭವಿಸಿ ಮತ್ತೆ ತಂದುಕೊಂಡರು. ಆದರೆ ಎಲ್ಲವೂ ಸಭೆಯ ಕೈಯಲ್ಲಿರಲಿಲ್ಲ ಎಂಬುದು ಈ ಚರ್ಚೆಗೆ ಮುಖ್ಯ. ಸುರಕ್ಷತೆ, ಶಿಕ್ಷಕರ ನೇಮಕ ಇತ್ಯಾದಿಗಳನ್ನು ನೀಲ್ ತಮ್ಮ ಬಳಿಯೇ ಇಟ್ಟುಕೊಂಡಿದ್ದರು, ಅದನ್ನು ಮುಚ್ಚಿಡಲೂ ಇಲ್ಲ. ಕೈ ಮುರಿಯುವ ಸಂಗತಿ, ಅಂದರೆ ನಿಮ್ಮ ಜಾರುಬಂಡಿ, ಅಲ್ಲಿಯೂ ಮತಕ್ಕೆ ಬರುತ್ತಿರಲಿಲ್ಲ.

ಇದಕ್ಕೆ ಎದುರಾಗಿ 1968ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಶುರುವಾದ ಸಡ್‌ಬರಿ ವ್ಯಾಲಿ ಶಾಲೆ ಇನ್ನೂ ಮುಂದೆ ಹೋಯಿತು. ಅಲ್ಲಿ ಆಯವ್ಯಯವೂ ಸಭೆಯ ಮುಂದೆ ಬರುತ್ತದೆ, ಸಿಬ್ಬಂದಿ ಮುಂದಿನ ವರ್ಷವೂ ಇರಬೇಕೇ ಬೇಡವೇ ಎಂಬುದಕ್ಕೂ ಮಕ್ಕಳ ಮತ ಬೀಳುತ್ತದೆ. ಎರಡೂ ಪ್ರಜಾಸತ್ತಾತ್ಮಕ ಶಾಲೆಗಳೇ. ಗೆರೆ ಎಳೆದ ಜಾಗ ಮಾತ್ರ ಬೇರೆ. ಗೆರೆ ಎಲ್ಲಿದೆ ಎಂಬುದು ಎರಡೂ ಕಡೆ ಪ್ರತಿ ಮಗುವಿಗೆ ತಿಳಿದಿರುವುದನ್ನು ಗಮನಿಸಿ. ಮೇಡಂ ಅವರ ಶಾಲೆಯಲ್ಲಿ ಆ ಗೆರೆ ಎಲ್ಲಿದೆಯೆಂದು ನೀರಿನ ಮಂತ್ರಿಗೇ ಗೊತ್ತಿರಲಿಲ್ಲ.

ಒಂದು ಸಣ್ಣ ಪ್ರಸಂಗವನ್ನೂ ಹೇಳಿಬಿಡುತ್ತೇನೆ. 1999ರಲ್ಲಿ ಸರ್ಕಾರಿ ತಪಾಸಣೆಯ ನಂತರ, ತರಗತಿಯ ಹಾಜರಿ ಮಕ್ಕಳ ಇಚ್ಛೆಗೆ ಬಿಟ್ಟಿರುವುದನ್ನು ಮುಖ್ಯವಾಗಿ ಆಕ್ಷೇಪಿಸಿ ಸಮರ್‌ಹಿಲ್‌ಗೆ ನೋಟಿಸು ಬಂತು. ಪ್ರಕರಣ 2000ದ ಮಾರ್ಚ್‌ನಲ್ಲಿ ಲಂಡನ್ನಿನ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್ ಕಟ್ಟಡದಲ್ಲಿ ನ್ಯಾಯಮಂಡಳಿಯ ಮುಂದೆ ಬಂದಾಗ ಸರ್ಕಾರದ ಕಡೆಯಿಂದ ರಾಜಿ ಪ್ರಸ್ತಾಪ ಬಂತು. ಅದನ್ನು ಒಪ್ಪಬೇಕೇ ಎಂದು ತೀರ್ಮಾನಿಸಲು ಮಕ್ಕಳು ಆ ನ್ಯಾಯಾಲಯದ ಕೊಠಡಿಯಲ್ಲಿಯೇ ತಮ್ಮ ಶಾಲಾ ಸಭೆ ಸೇರಿ, ಚರ್ಚಿಸಿ, ಮತ ಹಾಕಿ ಒಪ್ಪಿದರು.

ನಿವೃತ್ತ ಮುಖ್ಯೋಪಾಧ್ಯಾಯ

ನ್ಯಾಯಾಲಯದ ಪ್ರಸಂಗ ಕೇಳಲು ಬಹಳ ಚೆನ್ನಾಗಿದೆ. ಆದರೆ ಇವು ಶುಲ್ಕ ಕೊಟ್ಟು ಸೇರುವ ಸಣ್ಣ ಶಾಲೆಗಳು. ಆ ಕ್ರಮವನ್ನು ಮೊದಲೇ ಮೆಚ್ಚಿದ ಪೋಷಕರ ಮಕ್ಕಳು ಅಲ್ಲಿ ಇರುತ್ತಾರೆ. ಆರುನೂರು ಮಕ್ಕಳು, ಹದಿನೆಂಟು ಶಿಕ್ಷಕರು, ನಿಗದಿತ ಪಠ್ಯ, ಮಾರ್ಚಿನಲ್ಲಿ ಪರೀಕ್ಷೆ ಇರುವ ಕಡೆ ಇದನ್ನು ಹೇಗೆ ತರುತ್ತೀರಿ? ಶಿಕ್ಷಕರ ಮುಂದುವರಿಕೆಗೆ ಮಕ್ಕಳು ಮತ ಹಾಕುವುದನ್ನಂತೂ ನಾನು ಈ ಜನ್ಮದಲ್ಲಿ ಒಪ್ಪಲಾರೆ.

ಕಾನೂನು ವಿದ್ಯಾರ್ಥಿನಿ

ಮುಖ್ಯೋಪಾಧ್ಯಾಯರು ‘ಕೇಳುವುದು ಬೇರೆ, ಮತಕ್ಕೆ ಹಾಕುವುದು ಬೇರೆ’ ಎಂದರು. ಅಂತರರಾಷ್ಟ್ರೀಯ ಕಾನೂನು ಅವರ ಪಕ್ಷದಲ್ಲಿಯೇ ಇದೆ ಎಂದರೆ ಅವರಿಗೆ ಆಶ್ಚರ್ಯವಾಗಬಹುದು. ವಿಶ್ವಸಂಸ್ಥೆ 1989ರ ನವೆಂಬರ್ 20ರಂದು ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಮಕ್ಕಳಿಗೆ ಮತದಾನದ ಹಕ್ಕು ಕೊಟ್ಟಿಲ್ಲ. ತನಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಕೊಟ್ಟು, ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕಂತೆ ಆ ಅಭಿಪ್ರಾಯಕ್ಕೆ ತೂಕ ಕೊಡಬೇಕು ಎನ್ನುತ್ತದೆ. ಈ ‘ತೂಕ’ ಎಂಬ ಮಾತಿನಲ್ಲಿಯೇ ತೊಡಕಿರುವುದು. ತೆರೆದ ಬಾಗಿಲಿನ ಕೊಠಡಿಯಲ್ಲಿ ಮಗು ಹೇಳಿದ ಮಾತಿಗೆ ತೂಕ ಸಿಕ್ಕಿತೋ ಇಲ್ಲವೋ ಎಂದು ಆ ಮಗುವಿಗೆ ತಿಳಿಯುವುದು ಹೇಗೆ?

ಇದಕ್ಕೆ ವೇಲ್ಸ್‌ನಲ್ಲಿ ಒಂದು ಸರಳ ಏರ್ಪಾಡಿದೆ. ಅಲ್ಲಿನ ಶಾಲಾ ಮಂಡಲಿಗಳ 2005ರ ನಿಯಮಾವಳಿಯ ಪ್ರಕಾರ ಸರ್ಕಾರದ ಅನುದಾನದಿಂದ ನಡೆಯುವ ಶಾಲೆಗಳಲ್ಲಿ ವಿದ್ಯಾರ್ಥಿಗಳ ಮಂಡಲಿ ಇರಲೇಬೇಕು, ಅದು ವರ್ಷಕ್ಕೆ ಕನಿಷ್ಠ 6 ಸಲ ಸೇರಬೇಕು. ಅದು ಎತ್ತಿದ ವಿಷಯವನ್ನು ಮುಖ್ಯಶಿಕ್ಷಕರು ಮತ್ತು ಆಡಳಿತ ಮಂಡಳಿ ಪರಿಶೀಲಿಸಿ ಉತ್ತರ ಕೊಡಬೇಕು. ಒಪ್ಪಲೇಬೇಕೆಂದಿಲ್ಲ, ಉತ್ತರಿಸದೆ ಇರುವಂತಿಲ್ಲ. ಹೊಣೆ ಮುಖ್ಯೋಪಾಧ್ಯಾಯರದೇ ಆಗಿ ಉಳಿಯುತ್ತದೆ, ಮೌನವಾಗಿರುವ ಅನುಕೂಲ ಮಾತ್ರ ಹೋಗುತ್ತದೆ.

ಹದಿನೆಂಟು ವರ್ಷದ ಬಗ್ಗೆ ಒಂದೇ ಮಾತು. ಬ್ರೆಜಿಲ್ 1988ರ ಸಂವಿಧಾನದಲ್ಲಿ ಹದಿನಾರು ತುಂಬಿದವರಿಗೆ ಇಚ್ಛೆಯಿದ್ದರೆ ಮತ ಹಾಕಲು ಅವಕಾಶ ಕೊಟ್ಟಿತು. ಆಸ್ಟ್ರಿಯ 2007ರಲ್ಲಿ ಮತದಾನದ ವಯಸ್ಸನ್ನು 16ಕ್ಕೆ ಇಳಿಸಿತು. ನಮ್ಮಲ್ಲಿಯೂ ಅದು 21 ಇದ್ದದ್ದು 1989ರಲ್ಲಿ 18 ಆಯಿತು. ಅದು ದೇಶಗಳು ಕಾಲಕ್ಕೆ ತಕ್ಕಂತೆ ಒಪ್ಪಿಕೊಂಡ ಗೆರೆ, ಪ್ರಕೃತಿ ಎಳೆದದ್ದಲ್ಲ.

ಆದರೆ ನನಗೆ ಇಲ್ಲಿಯ ಎರಡೂ ಕಡೆಯವರೊಂದಿಗೆ ಒಂದು ತಕರಾರಿದೆ. ಎಲ್ಲರೂ ಪ್ರಜಾಪ್ರಭುತ್ವವೆಂದರೆ ಸಭೆ ಮತ್ತು ಮತ ಎಂದುಕೊಂಡು ಮಾತನಾಡುತ್ತಿದ್ದೀರಿ. 1965ರ ಡಿಸೆಂಬರ್‌ನಲ್ಲಿ ಅಮೆರಿಕದ ಡೆ ಮೊಯ್ನ್ ನಗರದಲ್ಲಿ ಕೆಲವು ವಿದ್ಯಾರ್ಥಿಗಳು ವಿಯೆಟ್ನಾಂ ಯುದ್ಧದಲ್ಲಿ ಸತ್ತವರ ನೆನಪಿಗೆ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದು ಅಮಾನತಾದರು. ಅವರಲ್ಲಿ ಮೇರಿ ಬೆತ್ ಟಿಂಕರ್‌ಗೆ ಹದಿಮೂರು ವರ್ಷ. 1969ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 7-2 ಬಹುಮತದಿಂದ ಮಕ್ಕಳ ಪರ ತೀರ್ಪು ಕೊಟ್ಟಿತು. ಅದೇ ನ್ಯಾಯಾಲಯ 1988ರ ಹೇಜಲ್‌ವುಡ್ ಪ್ರಕರಣದಲ್ಲಿ, ವಿದ್ಯಾರ್ಥಿ ಪತ್ರಿಕೆಯ ಎರಡು ಪುಟಗಳನ್ನು ತೆಗೆದುಹಾಕಿದ ಪ್ರಾಂಶುಪಾಲರ ಪರ ನಿಂತಿತು ಎಂಬುದನ್ನೂ ಹೇಳಬೇಕು. ನಮ್ಮ ಸುಪ್ರೀಂ ಕೋರ್ಟ್ 1986ರಲ್ಲಿ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ, ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಧಾರ್ಮಿಕ ನಂಬಿಕೆಯ ಕಾರಣಕ್ಕೆ ಹಾಡದ ಮೂವರು ಮಕ್ಕಳನ್ನು ಕೇರಳದ ಶಾಲೆಯಿಂದ ಹೊರಹಾಕಿದ್ದು ತಪ್ಪು ಎಂದಿತು. ಆ ಮೂವರ ವಿಷಯವನ್ನು ಇಡೀ ಶಾಲೆಯ ಮಕ್ಕಳ ಮುಂದೆ ಮತಕ್ಕೆ ಹಾಕಿದ್ದರೆ ಏನಾಗುತ್ತಿತ್ತು? ನೀರಿನ ಮಂತ್ರಿಗೆ ಅಧಿಕಾರ ಕೊಡುವ ಮೊದಲು, ನೀರು ಕುಡಿಯಲು ಬಂದ ಆರನೆಯವರಿಗೆ ಅವನಿಂದ ಏನು ರಕ್ಷಣೆ ಎಂದೂ ಯೋಚಿಸಬೇಕು.

ಹಿಂದಿನ ಬೆಂಚಿನ ವಿದ್ಯಾರ್ಥಿನಿ

ನಾನು ಹತ್ತನೇ ತರಗತಿಯವಳು. ಇಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ, ತಪ್ಪಿದ್ದರೆ ಕ್ಷಮಿಸಿ. ಮಕ್ಕಳ ಬಗ್ಗೆ ಇಷ್ಟು ಮಾತು ನಡೆದಿರುವುದರಿಂದ ನನ್ನ ಅನುಭವವನ್ನೂ ಹೇಳುತ್ತೇನೆ.

ನಮ್ಮ ಶಾಲೆಯ ಕಾರಿಡಾರಿನಲ್ಲಿ ಒಂದು ಸಲಹಾ ಪೆಟ್ಟಿಗೆ ಇದೆ. ಕೆಂಪು ಬಣ್ಣ, ಸಣ್ಣ ಬೀಗ. ಬೀಗದ ಕೈ ಯಾರ ಬಳಿ ಇದೆ ಎಂದು ನಾವು ಎರಡು ವರ್ಷ ಕೇಳಿದರೂ ಗೊತ್ತಾಗಲಿಲ್ಲ. ಕಳೆದ ವರ್ಷ ನಾನು ಒಂದು ಚೀಟಿ ಬರೆದು ಹಾಕಿದೆ. ಹುಡುಗಿಯರ ಶೌಚಾಲಯದ ಮೂರು ಬಾಗಿಲುಗಳಲ್ಲಿ ಎರಡಕ್ಕೆ ಚಿಲಕ ಇಲ್ಲ, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು, ಆದ್ದರಿಂದ ಬಹಳ ಜನ ಬೆಳಗಿನಿಂದ ನೀರೇ ಕುಡಿಯುವುದಿಲ್ಲ ಎಂದು ಬರೆದಿದ್ದೆ. ಹೆಸರು ಹಾಕಿರಲಿಲ್ಲ.

ಒಂದು ತಿಂಗಳ ನಂತರ ಪ್ರಾರ್ಥನೆಯ ಹೊತ್ತಿನಲ್ಲಿ ಆ ಚೀಟಿಯನ್ನು ಎಲ್ಲರ ಮುಂದೆ ಎತ್ತಿ ಹಿಡಿದು, “ಇದನ್ನು ಬರೆದವರು ಯಾರು, ಮುಂದೆ ಬನ್ನಿ” ಎಂದರು. ಯಾರೂ ಹೋಗಲಿಲ್ಲ. ಆಮೇಲೆ ಒಂಬತ್ತನೆಯವರ ನೋಟ್ ಪುಸ್ತಕಗಳನ್ನೆಲ್ಲ ತರಿಸಿಕೊಂಡು ಅಕ್ಷರ ಹೋಲಿಸಿ ನೋಡಿದರು. ನಾನು ಎಡಗೈಯಲ್ಲಿ ಬರೆದಿದ್ದರಿಂದ ಸಿಕ್ಕಿಬೀಳಲಿಲ್ಲ. ಚಿಲಕ ಈಗಲೂ ಇಲ್ಲ. ಪೆಟ್ಟಿಗೆ ಮಾತ್ರ ಇದೆ, ಆದರೆ ಅದಕ್ಕೆ ಯಾರೂ ಏನೂ ಹಾಕುವುದಿಲ್ಲ.

ನಮಗೆ ಶಿಕ್ಷಕರನ್ನು ಆಯ್ಕೆ ಮಾಡುವ ಆಸೆ ಇಲ್ಲ ಸರ್. ಮನೆಪಾಠ ಬೇಡ ಎಂದು ಮತ ಹಾಕುವವರು ಇರಬಹುದು, ಒಂದೇ ದಿನ ಐದು ವಿಷಯಗಳ ಮನೆಪಾಠ ಬೇಡ ಎಂದು ಹೇಳುವವರು ಅದಕ್ಕಿಂತ ಹೆಚ್ಚು ಇದ್ದಾರೆ. ಐದು ಜನ ಶಿಕ್ಷಕರು ಒಬ್ಬರನ್ನೊಬ್ಬರು ಕೇಳಿಕೊಂಡರೆ ಅದು ಸರಿಹೋಗುತ್ತದೆ. ನಾವು ಅದನ್ನು ಹೇಳುವುದಕ್ಕೆ ಒಂದು ಜಾಗ ಬೇಕು, ಹೇಳಿದ ಮೇಲೆ ಯಾರು ಹೇಳಿದ್ದು ಎಂದು ಹುಡುಕಬಾರದು, ಅಷ್ಟೇ.

ಎರಡು ಮಕ್ಕಳ ತಂದೆ

ಮೇಲಿನ ಮಾತನ್ನು ಓದಿದ ಮೇಲೆ ನಾನು ಬರೆಯಬೇಕೆಂದಿದ್ದ ಅರ್ಧ ಸಂಗತಿ ಸಣ್ಣದಾಗಿ ಕಾಣುತ್ತಿದೆ. ಪರೀಕ್ಷೆ, ಸಮಯ ವ್ಯರ್ಥ ಎಂದೆಲ್ಲ ಹೇಳುವವನಿದ್ದೆ, ಬಿಡಿ.

ಉಳಿದ ಅರ್ಧ ಇದು. ನನ್ನ ಮಗಳು ಚೆನ್ನಾಗಿ ಮಾತನಾಡುತ್ತಾಳೆ. ಒಂದನೇ ತರಗತಿಯಿಂದ ಇಂದಿನವರೆಗೂ ಅವಳೇ ಮಾನಿಟರ್, ಈಗ ಪ್ರಧಾನಮಂತ್ರಿಯೂ ಹೌದು. ಮಗನಿಗೆ ತೊದಲು. ಎಂಟು ವರ್ಷಗಳ ಶಾಲಾ ಜೀವನದಲ್ಲಿ ಅವನನ್ನು ಯಾರೂ ಯಾವುದಕ್ಕೂ ಆರಿಸಿಲ್ಲ, ಅವನು ನಿಂತೂ ಇಲ್ಲ. ಅವನ ತರಗತಿಯ ತೊಂದರೆಗಳನ್ನು ಅವನಷ್ಟು ಗಮನಿಸಿ ಮನೆಗೆ ಬಂದು ಹೇಳುವವರು ಇನ್ನೊಬ್ಬರಿಲ್ಲ. ಚುನಾವಣೆಯೊಂದೇ ದಾರಿಯಾದರೆ ನನ್ನ ಒಂದು ಮಗುವಿಗೆ ಎಲ್ಲವೂ, ಇನ್ನೊಂದಕ್ಕೆ ಏನೂ ಇಲ್ಲ. ಇದಕ್ಕೆ ಪರಿಹಾರ ಕಂಡವರಿದ್ದಾರೆಯೇ?

ಗ್ರಂಥಪಾಲಕ

ಇದ್ದಾರೆ. ತಂದೆಯವರ ಪ್ರಶ್ನೆಗೂ, ಕಾನೂನು ವಿದ್ಯಾರ್ಥಿನಿಯ ತಕರಾರಿಗೂ ಒಬ್ಬರೇ ಉತ್ತರ ಹುಡುಕಿದ್ದರು. ಅವರು ಪೋಲೆಂಡಿನ ಮಕ್ಕಳ ವೈದ್ಯ ಯಾನುಷ್ ಕೋರ್ಚಾಕ್.

1912ರಲ್ಲಿ ವಾರ್ಸಾದಲ್ಲಿ ಆರಂಭವಾದ ಯಹೂದಿ ಅನಾಥಾಲಯದ ನಿರ್ದೇಶಕರಾಗಿದ್ದ ಅವರು ಅಲ್ಲಿ ಮಕ್ಕಳದೇ ಒಂದು ನ್ಯಾಯಾಲಯ ನಡೆಸಿದರು. ನ್ಯಾಯಾಧೀಶರನ್ನು ಚುನಾಯಿಸುತ್ತಿರಲಿಲ್ಲ; ಆ ವಾರ ಯಾರ ಮೇಲೆ ಒಂದೂ ದೂರು ಇಲ್ಲವೋ ಅಂಥ ಮಕ್ಕಳ ಹೆಸರುಗಳಲ್ಲಿ ಚೀಟಿ ಎತ್ತಿ ಐವರನ್ನು ಆರಿಸುತ್ತಿದ್ದರು. ಆದ್ದರಿಂದ ಮಾತುಗಾರನೂ ತೊದಲುವವನೂ ಅಲ್ಲಿ ಒಂದೇ. ಅವರು ಬರೆದ ದಂಡಸಂಹಿತೆಯ ಮೊದಲ ತೊಂಬತ್ತೊಂಬತ್ತು ಕಲಮುಗಳಲ್ಲಿ ಶಿಕ್ಷೆಯೇ ಇಲ್ಲ. ಒಂದಲ್ಲ ಒಂದು ಕಾರಣಕ್ಕೆ ಕ್ಷಮಿಸುವ ಅಥವಾ ದೂರನ್ನು ಕೈಬಿಡುವ ಕಲಮುಗಳೇ ಅವು. ನೂರನೆಯದರಲ್ಲಿ ಮೊದಲ ಬಾರಿಗೆ ‘ಇವನು ಮಾಡಿದ್ದು ನಿಜ’ ಎಂಬ ಮಾತು ಬರುತ್ತದೆ, ಆಮೇಲೆ ಇನ್ನೂರು, ಮುನ್ನೂರು ಎಂದು ಏರುತ್ತಾ ಕೊನೆಯ ಸಾವಿರದಲ್ಲಿ ಹೊರಹಾಕುವ ತೀರ್ಮಾನವಿದೆ. ಬಹುಮತ ಒಬ್ಬ ಮಗುವಿನ ಮೇಲೆ ಎರಗದಂತೆ ಬರಹದಲ್ಲಿಯೇ ಕಟ್ಟಿದ ತಡೆಗೋಡೆ ಅದು.

ಮುಖ್ಯೋಪಾಧ್ಯಾಯರಿಗೆ ಇಷ್ಟವಾಗದ ಭಾಗವನ್ನೂ ಹೇಳಲೇಬೇಕು. ಆರು ತಿಂಗಳ ಅವಧಿಯಲ್ಲಿ ಕೋರ್ಚಾಕ್ ತಾವೇ ಐದು ಸಲ ಆ ನ್ಯಾಯಾಲಯದ ಮುಂದೆ ನಿಂತರು, ಐದು ಸಲವೂ ತಮ್ಮ ಮೇಲೆ ತಾವೇ ದೂರು ಕೊಟ್ಟುಕೊಂಡು. ಒಬ್ಬ ಹುಡುಗನ ಕಿವಿಗೆ ಹೊಡೆದದ್ದು ಒಂದು, ಹುಡುಗಿಯೊಬ್ಬಳು ಕದ್ದಳೆಂದು ತಪ್ಪಾಗಿ ಶಂಕಿಸಿದ್ದು ಇನ್ನೊಂದು. ಇದರಿಂದ ತಮ್ಮ ಗೌರವ ಕುಗ್ಗಿತೆಂದು ಅವರು ಎಲ್ಲಿಯೂ ಬರೆದಿಲ್ಲ. ಇದೆಲ್ಲ ಸಲೀಸಾಗಿ ನಡೆಯಿತು ಎಂದೂ ಅವರು ಬರೆದಿಲ್ಲ. ಮಕ್ಕಳು ನ್ಯಾಯಾಲಯವನ್ನು ಗೇಲಿ ಮಾಡತೊಡಗಿದಾಗ ಅದನ್ನು ಕೆಲಕಾಲ ನಿಲ್ಲಿಸಿ, ತಿದ್ದುಪಡಿ ಮಾಡಿಕೊಂಡು ಮತ್ತೆ ಶುರು ಮಾಡಿದರು.

1942ರ ಆಗಸ್ಟ್‌ನಲ್ಲಿ ನಾಜಿಗಳು ಆ ಮಕ್ಕಳನ್ನು ಟ್ರೆಬ್ಲಿಂಕಾ ಎಂಬ ಹತ್ಯಾ ಶಿಬಿರಕ್ಕೆ ಸಾಗಿಸಿದಾಗ ಕೋರ್ಚಾಕ್ ಮಕ್ಕಳನ್ನು ಬಿಟ್ಟುಹೋಗದೆ ಜೊತೆಯಲ್ಲಿಯೇ ನಡೆದುಹೋದರು ಎಂಬುದಷ್ಟೇ ಸಾಮಾನ್ಯವಾಗಿ ಎಲ್ಲರಿಗೂ ತಿಳಿದಿರುತ್ತದೆ. ಮೂವತ್ತಾರು ವರ್ಷಗಳ ನಂತರ, 1978ರಲ್ಲಿ, ಮಕ್ಕಳ ಹಕ್ಕುಗಳಿಗೆ ಒಂದು ಒಡಂಬಡಿಕೆ ಬೇಕೆಂದು ವಿಶ್ವಸಂಸ್ಥೆಯ ಮುಂದೆ ಕರಡು ಇಟ್ಟ ದೇಶ ಪೋಲೆಂಡ್. ಮೇಲೆ ಹೇಳಿದ 12ನೆಯ ವಿಧಿ ಆ ಕೆಲಸದ ಕೊನೆಗೆ ಬಂದದ್ದು.

ಮೇಡಂ ಅವರಿಗೆ ಇನ್ನೊಂದು ಸಂಗತಿ. ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಮಕ್ಕಳ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ತೋರಿಸುತ್ತಾರೆ. ಕೆಳಗಿನ ಮೂರು ಮೆಟ್ಟಿಲುಗಳಾದ ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು ಮತ್ತು ಹೆಸರಿಗೆ ಮಾತ್ರ ಸೇರಿಸಿಕೊಳ್ಳುವುದು ಭಾಗವಹಿಸುವಿಕೆಯೇ ಅಲ್ಲ ಎಂಬುದು ಅವರ ವಾದ. ನಿಮ್ಮ ನಡಾವಳಿ ಪುಸ್ತಕದ ಮೂರು ನಮೂದುಗಳನ್ನು ಯಾವ ಮೆಟ್ಟಿಲಲ್ಲಿ ಇಡುತ್ತೀರಿ?

ಸಮಾಜ ವಿಜ್ಞಾನ ಶಿಕ್ಷಕಿ

ಮೂರು ತಿಂಗಳು ತಡವಾಗಿ ಬಂದಿದ್ದೇನೆ, ಕ್ಷಮಿಸಿ. ಎರಡನೆಯ ಮೆಟ್ಟಿಲಲ್ಲಿ ಇಟ್ಟೆ.

ಇಲ್ಲಿಯ ಮಾತುಗಳನ್ನು ಮುದ್ರಿಸಿ ನಮ್ಮ ಮುಖ್ಯಶಿಕ್ಷಕರ ಮೇಜಿನ ಮೇಲಿಟ್ಟಾಗ ಅವರು ಹೇಳಿದ್ದು ಹೆಚ್ಚೂಕಡಿಮೆ ನಿವೃತ್ತ ಮುಖ್ಯೋಪಾಧ್ಯಾಯರ ಮಾತುಗಳನ್ನೇ. ಆದರೂ ಪ್ರಯತ್ನಿಸಿ ನೋಡೋಣ ಎಂದು ಒಪ್ಪಿದರು. ನಾವು ಮೊದಲು ಮಾಡಿದ್ದು ಗೆರೆ ಎಳೆಯುವ ಕೆಲಸ. ಸಭೆಯೇ ತೀರ್ಮಾನಿಸುವ ವಿಷಯಗಳು, ಸಭೆ ಕೇಳಬಹುದಾದ ಮತ್ತು ಮುಖ್ಯಶಿಕ್ಷಕರು ಏಳು ದಿನದಲ್ಲಿ ಕಾರಣಸಹಿತ ಬರೆದು ಉತ್ತರಿಸಲೇಬೇಕಾದ ವಿಷಯಗಳು, ಸಭೆಗೆ ಬಾರದ ವಿಷಯಗಳು ಎಂದು ಒಂದು ಹಾಳೆ ತಯಾರಿಸಿ ಎಲ್ಲ ತರಗತಿಗಳಲ್ಲಿ ಅಂಟಿಸಿದೆವು. ಮೈದಾನದ ವೇಳಾಪಟ್ಟಿ, ಗ್ರಂಥಾಲಯದ ಬಿಡುವಿನ ಅವಧಿ, ಪ್ರವಾಸದ ಜಾಗ ಮೊದಲನೆಯದರಲ್ಲಿ ಬಂದವು. ಒಬ್ಬ ವಿದ್ಯಾರ್ಥಿಗೆ ಶಿಕ್ಷೆ ಕೊಡುವುದು ಮೂರನೆಯದರಲ್ಲಿ ಬಂತು. ಕೋರ್ಚಾಕ್ ಅವರಷ್ಟು ಧೈರ್ಯ ನಮಗಿಲ್ಲ.

ಮೊದಲ ಸಭೆ ಕೆಟ್ಟದಾಗಿ ನಡೆಯಿತು. ಮೈದಾನದ ವೇಳೆಯನ್ನು ಮತಕ್ಕೆ ಹಾಕಿದರೆ, ಹುಡುಗರು ಹೆಚ್ಚಿದ್ದುದರಿಂದ ವಾರದ ಐದು ದಿನವೂ ಕ್ರಿಕೆಟ್ಟಿಗೆ ಹೋಯಿತು. ಹುಡುಗಿಯರು ಎದ್ದು ಹೋಗಲಿಲ್ಲ, ಬದಲಿಗೆ ಸಭೆ ಮುಗಿಯುವವರೆಗೂ ಒಂದು ಮಾತೂ ಆಡದೆ ಕುಳಿತರು. ತೀರ್ಮಾನಕ್ಕೆ ಬದ್ಧ ಎಂದು ನಾವೇ ಬರೆದು ಅಂಟಿಸಿದ್ದೆವಲ್ಲ, ರದ್ದು ಮಾಡುವ ಹಾಗಿರಲಿಲ್ಲ. ಎರಡು ವಾರ ಹಾಗೆಯೇ ನಡೆಯಿತು, ಆ ಎರಡು ವಾರ ನನಗೆ ಬಹಳ ಕಷ್ಟದ್ದು. ಮೂರನೆಯ ವಾರ ಏಳನೇ ತರಗತಿಯ ಹುಡುಗಿಯೊಬ್ಬಳು ಒಂದು ನಿಯಮ ತಂದಳು: ಎಲ್ಲರಿಗೂ ಸೇರಿದ ಜಾಗವನ್ನು ಯಾವ ಗುಂಪಿಗೂ ಪೂರ್ತಿ ಇಲ್ಲವಾಗಿಸುವ ತೀರ್ಮಾನ ಮತಕ್ಕೇ ಬರಬಾರದು. ಚರ್ಚೆ ಮುಕ್ಕಾಲು ಗಂಟೆ ನಡೆದು ಹನ್ನೊಂದು ಮತಗಳ ಅಂತರದಲ್ಲಿ ಅದು ಪಾಸಾಯಿತು. ಸರ್ವಾನುಮತವಲ್ಲ ಎಂದು ನಡಾವಳಿಯಲ್ಲಿ ಬರೆದಿದ್ದೇವೆ. ಬರೆದದ್ದು ನಾನಲ್ಲ, ಮಕ್ಕಳು.

ಹಿಂದಿನ ಬೆಂಚಿನ ಹುಡುಗಿಗೆ: ನಿನ್ನ ಮಾತು ಓದಿದ ಮರುದಿನ ನಾನು ನಮ್ಮ ಶಾಲೆಯ ಶೌಚಾಲಯಕ್ಕೆ ಹೋಗಿ ಚಿಲಕಗಳನ್ನು ಒಂದೊಂದಾಗಿ ಹಾಕಿ ನೋಡಿದೆ ಮಗಳೇ. ನಾಲ್ಕರಲ್ಲಿ ಒಂದು ಕೂರುತ್ತಿರಲಿಲ್ಲ. ಹನ್ನೊಂದು ವರ್ಷ ಆ ಕಟ್ಟಡದಲ್ಲಿ ಕೆಲಸ ಮಾಡಿದವಳಿಗೆ ಅದು ಗೊತ್ತಿರಲಿಲ್ಲ, ಏಕೆಂದರೆ ಶಿಕ್ಷಕಿಯರ ಶೌಚಾಲಯ ಬೇರೆ ಇದೆ. ಅದು ಸಭೆಗೆ ಬರುವ ಮೊದಲೇ ಸರಿಯಾಯಿತು.

ಮುಖ್ಯಶಿಕ್ಷಕರ ಮೊದಲ ಉತ್ತರ ‘ಸಾಧ್ಯವಿಲ್ಲ’ ಎಂಬ ಒಂದೇ ಪದವಾಗಿತ್ತು. ವಿಷಯ, ಒಂದೇ ದಿನ ಎರಡಕ್ಕಿಂತ ಹೆಚ್ಚು ಕಿರುಪರೀಕ್ಷೆ ಇಡಬಾರದು ಎಂಬುದು. ಮಕ್ಕಳು ಅದನ್ನು ‘ಕಾರಣ ನಮೂದಿಸಿಲ್ಲ’ ಎಂದು ಬರೆದು ಹಿಂದಕ್ಕೆ ಕಳಿಸಿದರು. ನನ್ನ ಎದೆ ಧಸಕ್ಕೆಂದಿತು. ನಾಲ್ಕು ದಿನಗಳ ನಂತರ ಒಂದೂವರೆ ಪುಟದ ಉತ್ತರ ಬಂತು. ಯಾವ ವಿಷಯಕ್ಕೆ ಯಾವ ದಿನ ಏಕೆ ಎಂಬ ವಿವರದೊಂದಿಗೆ, ತಿಂಗಳ ಕೊನೆಯ ವಾರ ಬಿಟ್ಟು ಉಳಿದ ದಿನಗಳಲ್ಲಿ ಒಪ್ಪಿದ್ದೇನೆ ಎಂದಿತ್ತು.

ತಂದೆಯವರಿಗೆ: ಮೈದಾನದ ಸಮಿತಿಗೆ ಐವರನ್ನು ಚೀಟಿ ಎತ್ತಿ ಆರಿಸಿದ್ದೇವೆ. ಅವರಲ್ಲಿ ಇಬ್ಬರ ಧ್ವನಿಯನ್ನು ನಾನು ಈ ವರ್ಷ ಮೊದಲ ಸಲ ಕೇಳಿದೆ. ಒಬ್ಬನು ಎರಡನೆಯ ಸಭೆಗೇ ಬಾರದೆ ತಪ್ಪಿಸಿಕೊಂಡ, ಅದನ್ನೂ ಹೇಳಬೇಕಲ್ಲ.

ನಿವೃತ್ತ ಮುಖ್ಯೋಪಾಧ್ಯಾಯ

ಆ ಎರಡು ವಾರ ನೀವು ಮಧ್ಯೆ ಪ್ರವೇಶಿಸದೆ ಇದ್ದುದನ್ನು ನಾನು ಈಗಲೂ ಒಪ್ಪುವುದಿಲ್ಲ. ಆಟವಿಲ್ಲದೆ ಕುಳಿತ ಆ ಹುಡುಗಿಯರ ಹತ್ತು ದಿನಗಳನ್ನು ನಿಮ್ಮ ಪ್ರಯೋಗಕ್ಕಾಗಿ ಅವರು ತೆತ್ತರು. ನಾನಾಗಿದ್ದರೆ ಮೊದಲನೆಯ ದಿನವೇ ತಿದ್ದುತ್ತಿದ್ದೆ, ಆಮೇಲೆ ಬಂದ ಬೈಗುಳ ಕೇಳುತ್ತಿದ್ದೆ.

ಆದರೆ ನನ್ನ ತೆರೆದ ಬಾಗಿಲಿನ ಬಗ್ಗೆ ಮೂರು ತಿಂಗಳಿಂದ ಯೋಚಿಸುತ್ತಿದ್ದೇನೆ. ಆ ಬಾಗಿಲಿನೊಳಗೆ ಬಂದ ಮಕ್ಕಳ ಮುಖಗಳನ್ನು ನೆನಪಿಸಿಕೊಂಡರೆ, ಹೆಚ್ಚಿನವರು ಶಿಕ್ಷಕರ ಮಕ್ಕಳು, ಇಲ್ಲವೇ ಮೊದಲ ಐದು ರ್‍ಯಾಂಕಿನವರು. ಚಿಲಕದ ವಿಷಯ ಹೇಳಲು ನನ್ನ ಬಳಿ ಯಾರೂ ಬಂದದ್ದು ನೆನಪಾಗುತ್ತಿಲ್ಲ. ನನ್ನ ಶಾಲೆಯ ಚಿಲಕಗಳು ಹೇಗಿದ್ದವೋ.

ಕಾರಣ ಬರೆದು ಉತ್ತರಿಸುವ ಆ ಹಾಳೆಯ ನಮೂನೆಯೊಂದನ್ನು ಸಾಧ್ಯವಾದರೆ ಇಲ್ಲಿ ಹಾಕಿ. ನಮ್ಮ ಹಳೆಯ ಶಾಲೆಯ ಈಗಿನ ಮುಖ್ಯಶಿಕ್ಷಕಿ ನನ್ನ ಶಿಷ್ಯೆ.

ಸಮಾಜ ವಿಜ್ಞಾನ ಶಿಕ್ಷಕಿ

ಸರ್, ಹುಡುಗಿಯರ ಹತ್ತು ದಿನದ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ನಮೂನೆ ಬಹಳ ಸರಳ: ಮೇಲೆ ಸಭೆಯ ಪ್ರಶ್ನೆ, ನಡುವೆ ಉತ್ತರ, ಅದರ ಕೆಳಗೆ ‘ಕಾರಣ’ ಎಂಬ ಶೀರ್ಷಿಕೆ ಮತ್ತು ಹತ್ತು ಖಾಲಿ ಗೆರೆಗಳು. ಒಂದೇ ಗೆರೆ ಬಿಟ್ಟಿದ್ದರೆ ಒಂದೇ ಪದ ಬರುತ್ತದೆ ಎಂದು ಕಲಿತ ಮೇಲೆ ಹತ್ತು ಮಾಡಿದೆವು.

ನೀರಿನ ಮಂತ್ರಿಯ ಸುದ್ದಿ ಹೇಳುವುದು ಉಳಿದಿತ್ತು. ಮಧ್ಯಾಹ್ನ ನಲ್ಲಿಯಲ್ಲಿ ನೀರು ಏಕೆ ನಿಲ್ಲುತ್ತದೆ ಎಂದು ಅವನು ಬರೆದು ಕೇಳಿದ. ಮೇಲಿನ ತೊಟ್ಟಿ ಬೆಳಿಗ್ಗೆ ಒಮ್ಮೆ ಮಾತ್ರ ತುಂಬುತ್ತದೆ, ಪಂಪಿನ ಗುಂಡಿ ಒತ್ತುವವರು ಹನ್ನೆರಡಕ್ಕೆ ಬೇರೆ ಕೆಲಸಕ್ಕೆ ಹೋಗುತ್ತಾರೆ ಎಂದು ಉತ್ತರ ಬಂತು. ಈಗ ಹನ್ನೊಂದೂಮುಕ್ಕಾಲಿಗೆ ಇನ್ನೊಮ್ಮೆ ಪಂಪು ಹಾಕುತ್ತಾರೆ. ಕಳೆದ ಸಭೆಯಲ್ಲಿ ಅವನೇ ಎದ್ದು ನಿಂತು, ನೀರು ಬರುತ್ತಿರುವುದರಿಂದ ನೀರಿನ ಮಂತ್ರಿಯ ಸ್ಥಾನವನ್ನು ರದ್ದುಪಡಿಸಬೇಕೆಂದು ಠರಾವು ಮಂಡಿಸಿದ. ಆರನೆಯವರು ಎಲ್ಲರೂ ಪರವಾಗಿ ಕೈ ಎತ್ತಿದರು.